ಬ್ರಿಜ್‌ಪೋರ್ಟಿನ ಚಳಿಗಾಲದ ಬಿಡಾರ

ಡೇರೆ ಹೂಡಿ ಊರೂರು ಸುತ್ತುತ್ತಿದ್ದ ಅಮೆರಿಕದ ದೊಡ್ಡ ಸರ್ಕಸ್ಸುಗಳು ಹಿಮ ಬೀಳುವ ತಿಂಗಳುಗಳಲ್ಲಿ ಆಟ ನಿಲ್ಲಿಸಿ, ಪ್ರಾಣಿಗಳು, ಬಂಡಿಗಳು ಮತ್ತು ಸಲಕರಣೆಗಳೊಡನೆ ಒಂದೇ ಊರಿನಲ್ಲಿ ತಂಗುತ್ತಿದ್ದ ನೆಲೆಯೇ ಚಳಿಗಾಲದ ಬಿಡಾರ. ಕನೆಕ್ಟಿಕಟ್ ರಾಜ್ಯದ ಕಡಲತಡಿಯ ಕೈಗಾರಿಕಾ ನಗರವಾದ ಬ್ರಿಜ್‌ಪೋರ್ಟಿನಲ್ಲಿ ಅಂಥದೊಂದು ಬಿಡಾರವು 1880ರ ದಶಕದ ಆರಂಭದಿಂದ 1927ರವರೆಗೆ ಇತ್ತು. ಸರ್ಕಸ್ಸಿನ ಒಡೆಯರಲ್ಲೊಬ್ಬನಾದ ಪಿ. ಟಿ. ಬಾರ್ನಮ್ ಈ ನಗರದ ನಿವಾಸಿಯಾಗಿದ್ದು, 1875ರಲ್ಲಿ ಇಲ್ಲಿನ ಮೇಯರನೂ ಆಗಿದ್ದನು. ಆದರೆ ಒಡೆಯನ ಊರಭಿಮಾನಕ್ಕಿಂತ ರೈಲುಹಾದಿಯ ಪಾತ್ರವೇ ಇದರಲ್ಲಿ ಹೆಚ್ಚಿನದೆನ್ನಬೇಕು. ಏಕೆಂದರೆ 1872ರಿಂದಲೇ ರೈಲನ್ನು ನೆಚ್ಚಿಕೊಂಡಿದ್ದ ಅವನ ಸರ್ಕಸ್ಸಿಗೆ, ನ್ಯೂಯಾರ್ಕಿನೊಡನೆ ನೇರ ರೈಲುಸಂಪರ್ಕವಿದ್ದ ಈ ಊರು ಹೇಳಿ ಮಾಡಿಸಿದಂತಿತ್ತು.

ಬಿಡಾರವನ್ನು ಬರಿಯ ವಿಶ್ರಾಂತಿಯ ತಾಣವೆಂದು ತಿಳಿಯುವಂತಿಲ್ಲ. ಬಂಡಿಗಳ ಮುರಿದ ಗಾಲಿಗಳನ್ನು ಸರಿಪಡಿಸುವ ಬಡಗಿಗಳು, ಕುದುರೆಗಳಿಗೆ ಲಾಳ ಹೊಡೆಯುವ ಕಮ್ಮಾರರು, ಮೆರವಣಿಗೆಯ ರಥಗಳಿಗೆ ಬಣ್ಣ ಬಳಿಯುವವರು, ಪ್ರಾಣಿಗಳನ್ನು ಪಳಗಿಸುವವರು ಇಂಥ ಬಿಡಾರಗಳಲ್ಲಿ ದುಡಿದುದರಿಂದಲೇ ವಸಂತದಲ್ಲಿ ಆಟ ಮತ್ತೆ ಹೊರಡಲು ಸಾಧ್ಯವಾಗುತ್ತಿತ್ತು. ಸರ್ಕಸ್ಸಿನ ಚರಿತ್ರೆಯನ್ನು ಒಡೆಯರ ಮತ್ತು ತಾರೆಯರ ಹೆಸರುಗಳಿಂದಲೇ ಬರೆಯುವ ರೂಢಿಯು ಈ ದುಡಿಮೆಗೆ ಬಹು ದೊಡ್ಡ ಅನ್ಯಾಯವನ್ನೆಸಗಿದೆ. 1882ರ ಫೆಬ್ರವರಿಯಲ್ಲಿ ಈ ಬಿಡಾರದಲ್ಲಿ ಆನೆಯೊಂದು ಮರಿ ಹಾಕಿತು. ಆನೆಗಳು ಸೆರೆಯಲ್ಲಿ ಈಯುವುದು ಆ ದೇಶದಲ್ಲಿ ಅತಿ ವಿರಳವಾಗಿದ್ದ ಆ ಕಾಲದಲ್ಲಿ ಅದು ದೊಡ್ಡ ಸುದ್ದಿಯಾಯಿತು. ಮರಿಗೆ ಊರಿನ ಹೆಸರನ್ನೇ ಇಟ್ಟರು.

1887ರ ನವೆಂಬರ್ 20ರ ರಾತ್ರಿ ಬಿಡಾರಕ್ಕೆ ಬೆಂಕಿ ಬಿದ್ದಿತು. ಆನೆಗಳಲ್ಲಿ ಹೆಚ್ಚಿನವು ಪಾರಾದರೂ, ಬರ್ಮಾದಿಂದ ತರಿಸಿ 1884ರಲ್ಲಿ ಅಪಾರ ಪ್ರಚಾರದೊಡನೆ ಪ್ರದರ್ಶನಕ್ಕಿಟ್ಟಿದ್ದ ಟೌಂಗ್ ಟಲೌಂಗ್ ಎಂಬ ಬಿಳಿಯಾನೆಯೂ ಬೋನುಗಳಲ್ಲಿದ್ದ ಬಹುಪಾಲು ಪ್ರಾಣಿಗಳೂ ಉರಿಗೆ ಬಲಿಯಾದವು. ಬೀಗ ಹಾಕಿದ ಬೋನಿನೊಳಗಿನ ಜೀವಕ್ಕೆ ಓಡುವ ದಾರಿಯೇ ಇರಲಿಲ್ಲವೆಂಬುದನ್ನು ಈ ದುರಂತದ ಯಾವ ವಿವರಣೆಯೂ ಮರೆಯಬಾರದು.

ಸುಟ್ಟ ಬಿಡಾರವನ್ನು ಮತ್ತೆ ಕಟ್ಟಲಾಯಿತು. 1891ರಲ್ಲಿ ಬಾರ್ನಮ್, 1906ರಲ್ಲಿ ಅವನ ಪಾಲುದಾರ ಜೇಮ್ಸ್ ಬೇಲಿ ತೀರಿಕೊಂಡ ಮೇಲೆ, 1907ರಲ್ಲಿ ರಿಂಗ್ಲಿಂಗ್ ಸೋದರರು ಸರ್ಕಸ್ಸನ್ನು ಕೊಂಡರು. ವಿಸ್ಕಾನ್ಸಿನ್ ರಾಜ್ಯದ ಬರಾಬೂದಲ್ಲಿದ್ದ ತಮ್ಮ ಸ್ವಂತ ಬಿಡಾರವನ್ನು 1918ರಲ್ಲಿ ತೊರೆದು ಬ್ರಿಜ್‌ಪೋರ್ಟಿಗೇ ಬಂದ ಅವರು, ಮರುವರ್ಷ ಎರಡೂ ಸರ್ಕಸ್ಸುಗಳನ್ನು ಒಂದುಗೂಡಿಸಿದರು. 1927ರಲ್ಲಿ ಜಾನ್ ರಿಂಗ್ಲಿಂಗ್ ಬಿಡಾರವನ್ನು ಬೆಚ್ಚನೆಯ ಫ್ಲಾರಿಡಾದ ಸರಸೋಟಕ್ಕೆ ಸಾಗಿಸಿದನು. ಮೊದಲೇ ತೆರವಾದ ಬರಾಬೂದಲ್ಲಿ ಹಳೆಯ ಬಿಡಾರದ ಕಟ್ಟಡಗಳು ಉಳಿದು ಸರ್ಕಸ್ ವಸ್ತುಸಂಗ್ರಹಾಲಯದ ಭಾಗವಾಗಿವೆ. ಬ್ರಿಜ್‌ಪೋರ್ಟಿನಲ್ಲಾದರೋ ಬಾರ್ನಮ್‌ನ ಪ್ರತಿಮೆಯೂ ಅವನ ಹೆಸರಿನ ವಸ್ತುಸಂಗ್ರಹಾಲಯವೂ ಇವೆ. ಆನೆಗಳು ಚಳಿಗಾಲ ಕಳೆದ ನೆಲವು ವೆಂಟ್ ಫೀಲ್ಡ್ ಎಂಬ ಸಾರ್ವಜನಿಕ ಮೈದಾನವಾಗಿದೆ.