ದುವ್ವಾಡದ ಭಾನುವಾರಗಳು

ದುವ್ವಾಡ ಅಂದರೆ ನಮ್ಮ ಕಡೆಯವರಿಗೆ ತಟ್ಟನೆ ಗೊತ್ತಾಗುವುದಿಲ್ಲ. "ವೈಜಾಗ್ ಹತ್ರ" ಅಂತ ಹೇಳಿದ ಮೇಲೆ "ಓ, ಹಂಗನ್ರಿ" ಅನ್ನುತ್ತಾರೆ. ವಿಶಾಖಪಟ್ಟಣದ ಸ್ಟೇಷನ್ನಿನ ಒಳಗೆ ಹೋದ ರೈಲು ಎಂಜಿನ್ ಬದಲಿಸಿಕೊಂಡು ಬಂದ ದಾರಿಗೇ ಹೊರಳಬೇಕು. ಆ ತಾಪತ್ರಯ ಬೇಡವೆಂದು ಹೌರಾ–ಚೆನ್ನೈ ದಾರಿಯ ಕೆಲವು ರೈಲುಗಳು ಊರೊಳಗೆ ಹೋಗದೆ ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ದೊಡ್ಡ ಊರಿನ ಹೊರಬಾಗಿಲು ಅನ್ನಿ. ಆ ಬಾಗಿಲಲ್ಲಿ ನಾನು ಇಳಿದದ್ದು 1986ರಲ್ಲಿ. ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು, ಜೊತೆಗೆ ಬಳ್ಳಾರಿಯ ಕನ್ನಡ.

ನಾನು ಇಲ್ಲಿಗೆ ಬಂದದ್ದಕ್ಕೂ ಒಂದು ಚರಿತ್ರೆ ಇದೆ. 1970ರ ಏಪ್ರಿಲ್ 17ರಂದು ಪ್ರಧಾನಿ ಇಂದಿರಾ ಗಾಂಧಿಯವರು ಪಾರ್ಲಿಮೆಂಟಿನಲ್ಲಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು: ಆಂಧ್ರದ ವಿಶಾಖಪಟ್ಟಣ, ತಮಿಳುನಾಡಿನ ಸೇಲಂ, ನಮ್ಮ ಹೊಸಪೇಟೆ ಸೀಮೆಯ ವಿಜಯನಗರ. ವಿಶಾಖಪಟ್ಟಣದಲ್ಲಿ 1971ರ ಜನವರಿ 20ರಂದು ಅಡಿಗಲ್ಲು ಬಿತ್ತು. ಅದೇ ವರ್ಷ ತೋರಣಗಲ್ಲಿನಲ್ಲೂ ಬಿತ್ತು. ಆಗ ನನಗೆ ಒಂಬತ್ತು ವರ್ಷ. ಅಪ್ಪ ಸೈಕಲ್ಲಿನ ಮುಂದಿನ ಬಾರಿಗೆ ಟವೆಲ್ ಸುತ್ತಿ, ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಆ ಜಾತ್ರೆ ನೋಡಲು ಕರಕೊಂಡು ಹೋಗಿದ್ದರು. "ನೀ ದೊಡ್ಡಾವ ಆಗೋದ್ರಾಗ ಫ್ಯಾಕ್ಟರಿ ಎದ್ದಿರ್ತೈತಿ, ಮನೀ ಮುಂದ ನೌಕರಿ" ಅಂದಿದ್ದರು. ನಾನು ದೊಡ್ಡವನಾದೆ, ಡಿಪ್ಲೊಮಾ ಮುಗಿಸಿದೆ. ಕಲ್ಲು ಕಲ್ಲಾಗಿಯೇ ಇತ್ತು. ತೋರಣಗಲ್ಲಿನಲ್ಲಿ ಸರ್ಕಾರದ ಕಾರ್ಖಾನೆ ಕೊನೆಗೂ ಏಳಲಿಲ್ಲ. 1990ರ ದಶಕದಲ್ಲಿ ಜಿಂದಾಲರ ಖಾಸಗಿ ಕಾರ್ಖಾನೆ ಬಂತು. ಅಷ್ಟು ಹೊತ್ತಿಗೆ ನಾನು ಮೂರರಲ್ಲಿ ಇನ್ನೊಂದು ಅಡಿಗಲ್ಲಿನ ಹತ್ತಿರ ನೌಕರಿಗೆ ಸೇರಿ ಹತ್ತು ವರ್ಷವಾಗುತ್ತ ಬಂದಿತ್ತು.

ಇಲ್ಲಿಯ ಟೌನ್‌ಶಿಪ್ಪಿನ ಹೆಸರು ಉಕ್ಕುನಗರಂ. ಮೊದಲ ದಿನ ಆ ಬೋರ್ಡು ಓದಿದಾಗ ಪರದೇಶ ಅನ್ನುವ ಭಾವನೆ ಅರ್ಧ ಇಳಿದುಹೋಯಿತು. ಉಕ್ಕು ಅವರದೂ ಹೌದು, ನಮ್ಮದೂ ಹೌದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ 'ವೂಟ್ಜ್' ಎಂಬ ಹಿಂದೂಸ್ತಾನದ ಉಕ್ಕಿನ ಬಗ್ಗೆ ಪ್ರಬಂಧ ಓದಿದನಲ್ಲ, ಆ ವಿಚಿತ್ರ ಶಬ್ದ ನಮ್ಮ 'ಉಕ್ಕು' ಇಂಗ್ಲಿಷರ ಬಾಯಲ್ಲಿ ಕೆಟ್ಟು ಹುಟ್ಟಿದ್ದು ಎಂದು ಬಲ್ಲವರು ಹೇಳುತ್ತಾರೆ.

ಆ ದಿನಗಳಲ್ಲಿ ಶಿಫ್ಟ್ ಬದಲಾಗುವ ಹೊತ್ತು ನೋಡಬೇಕಿತ್ತು ನೀವು. ಗೇಟಿನ ಮುಂದೆ ಸೈಕಲ್ಲುಗಳ ಹೊಳೆ. ಅಟ್ಲಾಸ್, ಹೀರೋ, ಬಿ.ಎಸ್.ಎ., ಎಲ್ಲಾ ಕಪ್ಪು, ಎಲ್ಲದರ ಹ್ಯಾಂಡಲ್ಲಿಗೂ ಒಂದು ಟಿಫಿನ್ ಕ್ಯಾರಿಯರ್. 1990ರಲ್ಲಿ ಮೊದಲ ಊದುಕುಲುಮೆ ಉರಿಯಿತು. ಅದಕ್ಕೆ ಗೋದಾವರಿ ಅಂತ ಹೆಸರು, ಎರಡನೆಯದಕ್ಕೆ ಕೃಷ್ಣಾ. 1992ರ ಆಗಸ್ಟ್ 1ರಂದು ಪಿ.ವಿ. ನರಸಿಂಹರಾಯರು ಕಾರ್ಖಾನೆಯನ್ನು ದೇಶಕ್ಕೆ ಅರ್ಪಿಸಿದರು. ಆಮೇಲೆ ಸಂಬಳ ಏರಿತು, ಸ್ಕೂಟರು ಬಂತು, ಕಾರು ಬಂತು. ಸೈಕಲ್ಲು ಮಹಡಿ ಮೆಟ್ಟಿಲ ಕೆಳಗೆ ಹೋಯಿತು. ನನ್ನದೂ ಹೋಯಿತು.

ಮತ್ತೆ ಅದನ್ನು ಎಳೆದದ್ದು 2014ರ ಅಕ್ಟೋಬರಿನಲ್ಲಿ. ಆ ತಿಂಗಳ 12ರಂದು ಹುದ್‌ಹುದ್ ಚಂಡಮಾರುತ ಸೀದಾ ವಿಶಾಖಪಟ್ಟಣದ ಮೇಲೆ ಬಂದು ಅಪ್ಪಳಿಸಿತು. ರಸ್ತೆ ತುಂಬ ಮರಗಳು, ಕರೆಂಟಿಲ್ಲ, ಫೋನಿಲ್ಲ, ಪೆಟ್ರೋಲಿಗೆ ಕ್ಯೂ. ಬಿದ್ದ ಮರಗಳ ಮೇಲೆ ಸೈಕಲ್ ಎತ್ತಿಕೊಂಡು ದಾಟಿ, ಪರಿಚಯದವರ ಮನೆಗಳಿಗೆ ಹೋಗಿ ಬದುಕಿದ್ದಾರೋ ಇಲ್ಲವೋ ನೋಡಿಕೊಂಡು ಬಂದೆ. ಹಾಗೆ ತಿರುಗುವಾಗ ಗೇರ್ ಸೈಕಲ್ಲಿನ ನಾಲ್ಕು ಹುಡುಗರು ಸಿಕ್ಕರು. ಅವರದೊಂದು ಕ್ಲಬ್ಬು, ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಡುತ್ತಿದ್ದರು. ನಾನೂ ಸೇರಿದೆ. 2016ರಲ್ಲಿ ಗುಂಪು ಮುನ್ನಡೆಸಲು ಜನ ಬೇಕು ಎಂದಾಗ ಕೈ ಎತ್ತಿದೆ. ನನ್ನ ಹೆಂಡತಿ "ಈ ವಯಸ್ನಾಗ ನಿಮಗ್ಯಾಕ್ರೀ ಊರ ಉಸಾಬರಿ" ಅಂದಳು. ದುಡ್ಡಿಲ್ಲ, ಕಾಸಿಲ್ಲ, ಏನಾದರೂ ಆದರೆ ಬೈಗುಳ ಮಾತ್ರ ಗ್ಯಾರಂಟಿ. ಅವಳು ಹೇಳಿದ್ದು ಸುಳ್ಳಲ್ಲ.

ಮುಂದಾಳು ಅನ್ನುವ ಈ ಕೆಲಸಕ್ಕೂ ವಯಸ್ಸಾಗಿದೆ. ಇಂಗ್ಲೆಂಡಿನಲ್ಲಿ 1878ರಲ್ಲೇ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿತು. ಆ ಕಾಲದ ಕ್ಲಬ್ಬುಗಳಲ್ಲಿ ಮುಂದೆ ಒಬ್ಬ ಕ್ಯಾಪ್ಟನ್, ಹಿಂದೆ ಒಬ್ಬ ಉಪಕ್ಯಾಪ್ಟನ್, ಹತ್ತು, ಇಳಿ ಅಂತ ಹೇಳಲು ಒಬ್ಬ ಕಹಳೆಯವ. 1897ರಲ್ಲಿ ಇಟಲಿಯ ಕೆಲವು ಸೈಕಲಿಗರು ರೋಮಿನಿಂದ ನೇಪಲ್ಸಿಗೆ, ಸುಮಾರು 230 ಕಿ.ಮೀ., ಒಂದೇ ಹಗಲಿನಲ್ಲಿ ಹೋದರು. ಜನ ಅವರನ್ನು ಎದೆಗಾರರು ಎಂಬ ಅರ್ಥದ ಮಾತಿನಿಂದ ಕರೆದರು. 'ಆಡಾಕ್ಸ್' ಎಂಬ ಹೆಸರು ಅಲ್ಲಿಂದ ಬಂತು. ಟೂರ್ ದ ಫ್ರಾನ್ಸ್ ಪಂದ್ಯ ಶುರುಮಾಡಿದ ಆನ್ರಿ ದೆಗ್ರಾಂಜ್ 1904ರಲ್ಲಿ ಆಡಾಕ್ಸ್ ಸವಾರಿಗೆ ಫ್ರಾನ್ಸಿನಲ್ಲಿ ನಿಯಮ ಕಟ್ಟಿದ. ಎಲ್ಲರೂ ಒಂದೇ ಗುಂಪಾಗಿ ಹೋಗಬೇಕು, ಕ್ಯಾಪ್ಟನ್ ಹಿಡಿದ ವೇಗವೇ ಎಲ್ಲರ ವೇಗ, ಅವನನ್ನು ಯಾರೂ ದಾಟಬಾರದು. ಜಗಳ ಬಾರದೆ ಇರುತ್ತದೆಯೇ? 1921ರಲ್ಲಿ ಒಂದು ಬಣ ಒಡೆದು ಹೋಗಿ, ಅವರವರ ವೇಗ ಅವರವರಿಗೆ ಅಂತ ಬೇರೆ ಸವಾರಿ ಶುರುಮಾಡಿತು. ಇಂದು ನಮ್ಮ ದೇಶದಲ್ಲಿ ನಡೆಯುವ 200, 300, 400, 600 ಕಿ.ಮೀ.ಗಳ ಬ್ರೆವೆ ಈ ಎರಡನೆಯ ಬಣದ ಸಂತಾನ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 600ಕ್ಕೆ ನಲವತ್ತು ತಾಸು. ಒಬ್ಬರಿಗೆ ಒಬ್ಬರು ಕಾಯಬೇಕೆಂಬ ಕಟ್ಟಳೆ ಇಲ್ಲ.

ಆ ಹಳೆಯ ಜಗಳ ನಮ್ಮ ಭಾನುವಾರದ ಗುಂಪಿನಲ್ಲೂ ಇತ್ತು. ಗಡಿಯಾರ ನೋಡುವ ಹುಡುಗರು ಒಂದು ಕಡೆ, ಸೊಂಟ ಹಿಡಿದುಕೊಂಡು ಬರುವವರು ಇನ್ನೊಂದು ಕಡೆ. ನಡುವೆ ನಾನು. ಕೆಲಸವೇನೋ ಸರಳ. ಮುಂದಿರುವವನಿಗೆ ಗಾಳಿ ಎದೆಗೆ ಬಡಿಯುತ್ತದೆ, ಅವನ ಚಕ್ರದ ಹಿಂದೆ ಅಂಟಿಕೊಂಡು ಬರುವವನಿಗೆ ಶ್ರಮ ಕಡಿಮೆ. ಅದಕ್ಕೇ ಮುಂದಿನವರು ಬದಲಾಗುತ್ತಿರಬೇಕು. ಹೈವೇಯಲ್ಲಿ ಒಂದೇ ಸಾಲು. ಕೊನೆಯಲ್ಲಿ ಪಂಪು, ಪ್ಯಾಚು ಇಟ್ಟುಕೊಂಡ ಒಬ್ಬ ಅನುಭವಿ. ಎದುರಿಗೆ ಕಂಡದ್ದನ್ನು ಮುಂದಿನವನು ಕೂಗಿ ಹೇಳಬೇಕು, ಹಿಂದಿನವರು ಅದನ್ನು ದಾಟಿಸಬೇಕು. ಮೊದಲ ವಾರ ನಾನು ಕನ್ನಡದಲ್ಲೇ "ಗುಂಡಿ!" ಅಂತ ಕೂಗಿಬಿಟ್ಟೆ. ತೆಲುಗಿನಲ್ಲಿ ಗುಂಡಿ ಅಂದರೆ ಅಂಗಿಯದು ಮಾತ್ರ, ರಸ್ತೆಯದು 'ಗುಂಟ'. ಹಿಂದಿದ್ದ ಹುಡುಗ ತನ್ನ ಎದೆ ನೋಡಿಕೊಳ್ಳುತ್ತಲೇ ಹಳ್ಳಕ್ಕೆ ಇಳಿದ. ಪುಣ್ಯಕ್ಕೆ ಬೀಳಲಿಲ್ಲ.

ನನಗೊಂದು ಚಟ ಅಂಟಿಕೊಂಡಿತು. ಟೀಗೆ ನಿಂತಲ್ಲೆಲ್ಲ ಆ ಜಾಗದ ಚರಿತ್ರೆ ಹೇಳುವುದು. ಸಿಂಹಾಚಲದ ಬುಡದಲ್ಲಿ ನಿಂತರೆ, 1516ರಲ್ಲಿ ಕೃಷ್ಣದೇವರಾಯ ಗಜಪತಿಯ ಮೇಲೆ ದಂಡೆತ್ತಿ ಬಂದವನು ಈ ನರಸಿಂಹನಿಗೆ ಒಡವೆ ಒಪ್ಪಿಸಿ ಶಾಸನ ಹಾಕಿಸಿದ್ದು. "ನಮ್ಮೂರ ಕಡೆಯಿಂದ ನನಗಿಂತ ಮುಂಚೆ ಬಂದವನು" ಅನ್ನುತ್ತಿದ್ದೆ. ಹುಡುಗರು "ರಾಯಲವಾರು ಮಾ ವಾಡು ಸಾರ್" ಅಂತ ಪಟ್ಟು ಬಿಡುತ್ತಿರಲಿಲ್ಲ. ಭೀಮುನಿಪಟ್ಟಣದಲ್ಲಿ ಡಚ್ಚರ ಗೋರಿಗಳು, ಅನಕಾಪಲ್ಲಿಯಲ್ಲಿ ಬೆಲ್ಲದ ಮಂಡಿ, ಪಕ್ಕದ ಶಂಕರಂನ ಬೌದ್ಧ ಗುಡ್ಡ ಬೊಜ್ಜನ್ನಕೊಂಡ. ಕೂರ್ಮನ್ನಪಾಲೆಂ ಸರ್ಕಲ್ಲಿಗೆ ಬಂದರೆ ಮಾತ್ರ ಗಂಟಲು ಏರುತ್ತಿತ್ತು. 1966ರ "ವಿಶಾಖ ಉಕ್ಕು, ಆಂಧ್ರುಲ ಹಕ್ಕು" ಚಳವಳಿ, ಅಮೃತರಾಯರ ಉಪವಾಸ, ಗೋಲೀಬಾರಿನಲ್ಲಿ ರಾಜ್ಯದಲ್ಲೆಲ್ಲ ಸತ್ತ 32 ಮಂದಿ. "ನಮ್ಮ ತೋರಣಗಲ್ಲಿನಲ್ಲಿ ಇಂಥದ್ದು ಆಗಲಿಲ್ಲ, ಅದಕ್ಕೇ ಕಲ್ಲು ಕಲ್ಲಾಗೇ ಉಳಿಯಿತು" ಅಂತ ಮುಗಿಸುತ್ತಿದ್ದೆ.

ಗುಂಪಿನಲ್ಲಿ ಐವತ್ತು ದಾಟಿದ ಒಬ್ಬರಿದ್ದರು. ಹೆಸರು ಬೇಡ. ಹಳೇ ಕಪ್ಪು ಸೈಕಲ್ಲು, ಮಾತು ಕಡಿಮೆ. ಅಪ್ಪಿಕೊಂಡದ ಕಡಲ ಕಡೆ ಹೋದಾಗಲೆಲ್ಲ ಕಾರ್ಖಾನೆಯ ಗೋಡೆ ಪಕ್ಕದ ಒಂದು ತಿರುವಿನಲ್ಲಿ ಇಳಿದು ಎರಡು ನಿಮಿಷ ನಿಲ್ಲುತ್ತಿದ್ದರು. ನೀರು ಕುಡಿಯಲು ಇರಬೇಕು, ಅಥವಾ ಉಸಿರು ಸಾಲದು ಅಂದುಕೊಂಡಿದ್ದೆ. 2018ರ ಡಿಸೆಂಬರಿನ ಒಂದು ಭಾನುವಾರ ಹಿಂದಿರುಗುವಾಗ ಹುಡುಗರು ಗೊಣಗಿದರು, "ಸಾರ್, ಪ್ರತಿ ಸಲ ಇವರಿಂದ ಆವರೇಜ್ ಹಾಳು". ನನಗೂ ಬೇಸರ ಬಂದಿತ್ತು. "ದಾರಿ ಗೊತ್ತಿದೆ, ಬರ್ತಾರೆ ಬಿಡಿ, ಪದಂಡಿ" ಅಂದೆ. ಕೊನೆಯಲ್ಲಿದ್ದ ಪಂಪಿನವನನ್ನೂ ಕೈಬೀಸಿ ಕರೆದೆ.

ಟೀ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅವರು ಬರಲಿಲ್ಲ. ಫೋನ್ ಸ್ವಿಚ್ ಆಫ್. ಲಾರಿಗಳು ಓಡಾಡುವ ರಸ್ತೆ. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಒಬ್ಬನೇ ತಿರುಗಿ ಹೊರಟೆ. ಪ್ರತಿ ತಿರುವಿನಲ್ಲೂ ಜನ ಗುಂಪುಗೂಡಿದ್ದಾರೆಯೇ ಎಂದು ನೋಡುತ್ತ ಹೋದೆ. ಕೊನೆಗೆ ಕಂಡರು. ಬಿಸಿಲಲ್ಲಿ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಹಿಂದಿನ ಚಕ್ರ ಪಂಕ್ಚರ್. ನಾಲ್ಕು ಕಿಲೋಮೀಟರಾದರೂ ನಡೆದಿರಬೇಕು. ನಾನು ಕ್ಷಮೆ ಕೇಳಿದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಹೇಳಿದರು, "ಪಂಕ್ಚರ್ ಯಾರಿಗೂ ಆಗ್ತದೆ ಸಾರ್. ಎರಡು ವರ್ಷದಿಂದ ಎಲ್ಲಾ ಊರಿನ ಕಥೆ ಹೇಳ್ತೀರಿ. ನಾನ್ಯಾಕೆ ಅಲ್ಲಿ ನಿಲ್ತೀನಿ ಅಂತ ಒಂದು ದಿನ ಕೇಳಲಿಲ್ಲ."

ಆಮೇಲೆ ಅವರೇ ಹೇಳಿದರು. ಗೋಡೆಯ ಆಚೆ ಅವರ ಊರಿತ್ತು. ಒಂದು ಹುಣಸೆಮರ, ಬಾವಿ, ಗ್ರಾಮದೇವತೆಯ ಕಟ್ಟೆ. ಊರು ಎದ್ದಾಗ ಅವರು ಸ್ಕೂಲು ಹುಡುಗ. ಅವರ ತಂದೆಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಅದರಿಂದಲೇ ಇವರ ಓದು, ಅಕ್ಕನ ಮದುವೆ. "ಕೋಪ ಇಲ್ಲ ಸಾರ್. ಊಟ ಅಲ್ಲಿಂದಲೇ ಬಂತು. ಆದ್ರೆ ಊರು ಇತ್ತಲ್ಲ."

ಕಾರ್ಖಾನೆಗಾಗಿ ಎದ್ದ ಊರುಗಳು 64. ಈ ಲೆಕ್ಕ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲೇ ಕೆಲಸ ಮಾಡಿದವನು. ಎಲ್ಲರಿಗೂ ನೌಕರಿ ಸಿಗದೆ ಪುನರ್ವಸತಿಯ ಕಾರ್ಡು ಹಿಡಿದು ದಶಕಗಟ್ಟಲೆ ಕಾದವರ ಧರಣಿಗಳನ್ನೂ ಕಂಡಿದ್ದೆ. ಆದರೆ ಟೀ ಅಂಗಡಿಯ ನನ್ನ ಚರಿತ್ರೆಯಲ್ಲಿ 32 ಬರುತ್ತಿತ್ತು, 64 ಬರುತ್ತಿರಲಿಲ್ಲ. ಕಾರ್ಖಾನೆ ಬರದೆ ಹೋದ ಊರಿನವನು ನಾನು. ಬಂದರೆ ಏನಾಗುತ್ತದೆ ಅನ್ನುವುದನ್ನು ಯೋಚಿಸುವ ಗೋಜಿಗೇ ಹೋಗಿರಲಿಲ್ಲ. ತೋರಣಗಲ್ಲಿನ ಕಲ್ಲಿಗಾಗಿಯೂ ಹೊಲ ಬಿಟ್ಟುಕೊಟ್ಟವರಿದ್ದರು. ಅವರ ಮನೆಗಳ ಕಥೆಯನ್ನೂ ನಾನು ಕೇಳಿದವನಲ್ಲ.

ಮುಂದಾಳಿನ ಕೆಲಸ ಬೇಡವೆಂದು ಕ್ಲಬ್ಬಿನವರಿಗೆ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ, ಅವರು ಬೇರೆ ಉಪಾಯ ಮಾಡಿದರು. ಗುಂಪನ್ನು ಎರಡು ಮಾಡಿದರು, ಅವಸರದವರದೊಂದು, ನಿಧಾನದವರದೊಂದು. ಎರಡನೆಯದರಲ್ಲಿ ನನ್ನ ಜಾಗ ಕೊನೆಯಲ್ಲಿ, ಪಂಪು ಪ್ಯಾಚಿನ ಚೀಲದ ಜೊತೆ. ನಿಯಮ ಒಂದೇ: ಹೊರಟಾಗ ಎಣಿಸಿದಷ್ಟು ತಲೆ ಟೀ ಅಂಗಡಿಯಲ್ಲೂ ಇರಬೇಕು.

2021ರ ಜನವರಿಯಲ್ಲಿ ಕಾರ್ಖಾನೆಯ ಸರ್ಕಾರಿ ಪಾಲನ್ನು ಪೂರ್ತಿ ಮಾರುವ ತೀರ್ಮಾನ ಹೊರಬಿತ್ತು. ಕೂರ್ಮನ್ನಪಾಲೆಂನಲ್ಲಿ ಟೆಂಟು ಎದ್ದಿತು, ಸರದಿ ಉಪವಾಸ ಸಾವಿರ ದಿನ ದಾಟಿತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ 11,440 ಕೋಟಿ ರೂಪಾಯಿಯ ನೆರವು ಘೋಷಿಸಿತು. ಆ ಟೆಂಟಿನ ಮುಂದೆ ಒಂದು ಭಾನುವಾರ ನಮ್ಮ ಗುಂಪು ನಿಂತಾಗ, ಒಳಗೆ ಹೋಗಿ ಕುಳಿತವರಲ್ಲಿ ಅವರೇ ಮೊದಲಿಗರು. "ಊರು ಕೊಟ್ಟಿದ್ದು ಇದಕ್ಕೇ ಅಲ್ವಾ ಸಾರ್, ಇದೂ ಹೋದ್ರೆ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಪಕ್ಕದಲ್ಲಿ ಕುಳಿತೆ.

2022ರಲ್ಲಿ ನಿವೃತ್ತನಾದೆ. ಊರಿಗೆ ಬಾ ಅಂತ ತಮ್ಮ ಕರೆಯುತ್ತಾನೆ. ಬರುತ್ತೇನೆ ಅನ್ನುತ್ತೇನೆ. ಆದರೆ ಭಾನುವಾರ ಬೆಳಿಗ್ಗೆ ಐದಕ್ಕೆ ಸ್ಟೇಷನ್ ರಸ್ತೆಯಲ್ಲಿ ತಲೆ ಎಣಿಸಲು ಯಾರಾದರೂ ಬೇಕಲ್ಲ. ಅಪ್ಪಿಕೊಂಡದ ದಾರಿಯಲ್ಲಿ ಈಗ ಎಲ್ಲರೂ ಆ ತಿರುವಿನಲ್ಲಿ ಇಳಿಯುತ್ತೇವೆ. ಅಲ್ಲಿ ನಾನು ಮಾತಾಡುವುದಿಲ್ಲ. ಅವರು ಗೋಡೆ ಕಡೆ ಕೈ ತೋರಿಸಿ, ಹುಣಸೆಮರ ಎಲ್ಲಿತ್ತು, ಬಾವಿ ಎಲ್ಲಿತ್ತು ಅಂತ ಹೊಸಬರಿಗೆ ಹೇಳುತ್ತಾರೆ.