ಎಣ್ಣೆಯಲ್ಲಿ ಕರಿಯದೆ ಗರಿಗರಿ ಫಿಶ್ ಫಿಂಗರ್: ಓವನ್‌ನಲ್ಲಿ ಮಾಡುವುದು ಹೀಗೆ

ಫಿಶ್ ಫಿಂಗರ್ ಅನ್ನು ಮಕ್ಕಳು ಬೇಡವೆನ್ನುವುದು ಕಡಿಮೆ. ಆದರೆ ಮನೆಯ ಓವನ್‌ನಲ್ಲಿ ಮಾಡಿದರೆ ಬಿಳಿಚಿಕೊಂಡು ಮೆತ್ತಗಾಗುತ್ತದೆ ಎಂಬುದು ಹಲವರ ದೂರು.

ಗಟ್ಟಿ ಮಾಂಸದ, ಮುಳ್ಳು ಕಡಿಮೆಯಿರುವ ಮೀನು ಬೇಕು. ಕರಾವಳಿಯವರ ಅಂಜಲ್ ಮುಂಬೈ, ಪುಣೆಯಲ್ಲಿ ಸುರ್ಮಯಿ, ಚೆನ್ನೈಯಲ್ಲಿ ವಂಜರಂ. ಫ್ರೋಜನ್ ಬಾಸಾ ಕೂಡ ಆದೀತು, ಆದರೆ ನೀರು ಜಾಸ್ತಿ ಬಿಡುತ್ತದೆ. ಫ್ರಿಜ್‌ನಲ್ಲೇ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ.

500 ಗ್ರಾಂ ಮೀನನ್ನು ಬೆರಳಗಲ ಕತ್ತರಿಸಿ, ಮುಳ್ಳು ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ. ಉಪ್ಪು, ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ನಿಂಬೆರಸ ಸವರಿ 10 ನಿಮಿಷ ಬಿಟ್ಟು ಮತ್ತೊಮ್ಮೆ ಒರೆಸಿ.

ಗುಟ್ಟು ಇರುವುದು ಬ್ರೆಡ್ ಪುಡಿಯಲ್ಲಿ. ಒಂದೂವರೆ ಕಪ್ ಪುಡಿಯನ್ನು 2 ಚಮಚ ಎಣ್ಣೆ ಹಾಕಿ ಹೊಂಬಣ್ಣ ಬರುವವರೆಗೆ ಮೊದಲೇ ಹುರಿದುಕೊಳ್ಳಿ. ಹುರಿಯದ ಪುಡಿ ಮೀನು ಬೇಯುವಷ್ಟರಲ್ಲಿ ಕೆಂಪಗಾಗುವುದಿಲ್ಲ. ಕೆಂಪಗಾಗಲಿ ಎಂದು ಕಾದರೆ ಮೀನು ಒಣಗಿ ನಾರಾಗುತ್ತದೆ. ತವಾ ಫ್ರೈಗೆ ಹಾಕುವ ರವೆ ಇಲ್ಲಿ ಬೇಡ, ಮರಳಿನಂತೆ ಹಲ್ಲಿಗೆ ಸಿಗುತ್ತದೆ.

ತುಂಡುಗಳನ್ನು ಮೈದಾದಲ್ಲಿ ಹೊರಳಿಸಿ, ಕಲಕಿದ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿ ಒತ್ತಿ. ಟ್ರೇ ಮೇಲೆ ತಂತಿ ಜಾಲರಿಯಿಟ್ಟು ಜೋಡಿಸಿದರೆ ಅಡಿಭಾಗ ಒದ್ದೆಯಾಗದು. ಮೊದಲೇ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ 12ರಿಂದ 15 ನಿಮಿಷ ಸಾಕು. ಒಂದನ್ನು ಮುರಿದು ನೋಡಿ. ಒಳಗೆ ಬೆಳ್ಳಗಾಗಿ ಪದರಪದರವಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ.

ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ, ಹಬೆಗೆ ಗರಿಗರಿಯೆಲ್ಲ ಹೋಗುತ್ತದೆ. ಜೊತೆಗೆ ಪುದೀನ ಚಟ್ನಿ ಚೆನ್ನಾಗಿರುತ್ತದೆ.