ಪತ್ರಕರ್ತರ ರಕ್ಷಣೆಯ ಇತಿಹಾಸ ಮತ್ತು ಸರ್ಕಾರಿ ಕಡತಗಳು: ಪುಣೆಯ ನಿದರ್ಶನ

ಪತ್ರಕರ್ತರಿಗೆ ಕಾನೂನು ನೀಡಿದ ರಕ್ಷಣೆಯ ಚರಿತ್ರೆಯನ್ನು ಅರಸಹೊರಟಾಗ ನಮಗೆ ಮೊದಲು ಎದುರಾಗುವುದು ಶಿಕ್ಷೆಯ ಕಡತಗಳೇ. 1881ರಲ್ಲಿ ಪುಣೆಯಲ್ಲಿ ಆರಂಭವಾದ 'ಕೇಸರಿ' ಇದಕ್ಕೆ ನಿದರ್ಶನ. ಕೊಲ್ಹಾಪುರದ ಕಾರಭಾರಿಯನ್ನು ಕುರಿತ ಬರಹಗಳಿಗಾಗಿ ತಿಲಕರೂ ಆಗರ್ಕರರೂ 1882ರಲ್ಲಿ ಸೆರೆವಾಸ ಅನುಭವಿಸಿದರು. ರಾಜದ್ರೋಹದ ಆರೋಪದ ಮೇಲೆ ತಿಲಕರಿಗೆ 1897ರಲ್ಲಿ 18 ತಿಂಗಳ, 1908ರಲ್ಲಿ 6 ವರ್ಷಗಳ ಶಿಕ್ಷೆಯಾಯಿತು. ನ್ಯಾಯಾಲಯದ ಮುಂದಿದ್ದ ಇಂಗ್ಲಿಷ್ ಅನುವಾದವು ತಮ್ಮ ಮರಾಠಿಯ ಅರ್ಥವನ್ನು ಕೆಡಿಸಿದೆಯೆಂದು ಅವರು 1908ರ ವಿಚಾರಣೆಯಲ್ಲಿ ಆಕ್ಷೇಪಿಸಿದ್ದು ಗಮನಾರ್ಹ.

ಈ ಆಕ್ಷೇಪ ಕನ್ನಡಕ್ಕೂ ಸಲ್ಲುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ, ಅಲ್ಲಿನ ಕನ್ನಡ ಪತ್ರಿಕೆಗಳ ಬರಹಗಳೂ ಪ್ರಾಂತ ಸರ್ಕಾರದ ದೇಶಭಾಷಾ ಪತ್ರಿಕೆಗಳ ವರದಿಗಳಲ್ಲಿ ಇಂಗ್ಲಿಷ್ ಸಾರಾಂಶಗಳಾಗಿ ಸೇರಿವೆ. ಮೂಲ ಸಂಚಿಕೆ ನಷ್ಟವಾದೆಡೆ ಅನುವಾದಕನ ಮಾತೇ ಸಂಪಾದಕನ ಮಾತಾಗಿ ಉಳಿಯುತ್ತದೆ.

ರಕ್ಷಣೆಯ ಕಡತಗಳು ಈಚಿನವು. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ ಸೇವೆಯ ನಿಬಂಧನೆಗಳನ್ನು ಗೊತ್ತುಪಡಿಸಿತು. 2017ರಲ್ಲಿ ಮಹಾರಾಷ್ಟ್ರದ ಶಾಸಕಾಂಗ ಅಂಗೀಕರಿಸಿದ ಕಾಯಿದೆ ಪತ್ರಕರ್ತರ ಮೇಲಿನ ಹಲ್ಲೆಯನ್ನು ವಿಶೇಷ ಅಪರಾಧವಾಗಿಸಿತು. 20 ವರ್ಷಗಳಿಗೂ ಹಿಂದಿನ ಸಂಗತಿಗಳ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯಿದೆಯ ಬಹುಪಾಲು ವಿನಾಯಿತಿಗಳು ಅಡ್ಡಬರುವುದಿಲ್ಲ. ಆದರೆ ಅರ್ಜಿಯಿಂದ ದೊರೆಯುವುದು ಸರ್ಕಾರ ಕಾಪಾಡಿಕೊಂಡ ಕಡತ ಮಾತ್ರ. ಅದನ್ನು ಮೂಲಭಾಷೆಯ ಸಂಚಿಕೆಯೊಡನೆ ಹೋಲಿಸಿ ನೋಡುವ ಹೊಣೆ ಸಂಶೋಧಕರದೇ ಎಂದು ನಾವು ಭಾವಿಸುತ್ತೇವೆ.